ಚಂದಾ ಜರ್ನಲ್‌ಗಳು ನಿಜಕ್ಕೂ ಓಪನ್ ಆಕ್ಸೆಸ್ ಆಗುತ್ತಿವೆಯಾ? ಅದನ್ನು ಅಳೆಯೋದು ಹೇಗೆ?

ಲೈಬ್ರರಿ_ಕಟ್ಟೆ

ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಗ್ರಂಥಾಲಯ ಸಮಿತಿಯ ಸಭೆಯಲ್ಲಿ ಹಿರಿಯ ಪ್ರೊಫೆಸರ್ ಒಬ್ಬರು ಕೇಳಿದರು: "ಹೇಗೂ ಎಲ್ಲಾ ಜರ್ನಲ್ಲೂ ಓಪನ್ ಆಕ್ಸೆಸ್ ಆಗ್ತಾ ಇದೆಯಲ್ಲ, ಮತ್ತೆ ಸರ್ಕಾರ ಚಂದಾಗೆ ಸಾವಿರಾರು ಕೋಟಿ ಸುರಿಯೋದು ಯಾಕೆ?"

ಓಪನ್ ಆಕ್ಸೆಸ್ ಅಂದರೆ ಚಂದಾ ಇಲ್ಲದೆ ಯಾರು ಬೇಕಾದರೂ ಓದಬಹುದಾದದ್ದು. ಅವರ ಮನಸ್ಸಿನಲ್ಲಿದ್ದದ್ದು ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್. ಸರ್ಕಾರಿ ಸಂಸ್ಥೆಗಳಿಗೆಲ್ಲ ಒಟ್ಟಿಗೆ ಜರ್ನಲ್ ಚಂದಾ ಕಟ್ಟಲು 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ನಮ್ಮಂಥ ಕಡೆ ಇದರಿಂದ ಉಪಕಾರ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಪೇಪರ್ ಬೇಕು ಅಂದರೆ ಬೆಂಗಳೂರಿನ ಗೆಳೆಯರಿಗೆ ವಾಟ್ಸಾಪ್ ಮಾಡಿ ಪಿಡಿಎಫ್ ತರಿಸಿಕೊಳ್ಳುತ್ತಿದ್ದ ಹುಡುಗ ಹುಡುಗಿಯರು ಈಗ ತಾವೇ ಇಳಿಸಿಕೊಳ್ಳುತ್ತಾರೆ.

ಆದರೂ ಪ್ರೊಫೆಸರ್ ಕೇಳಿದ್ದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಕುಲಸಚಿವರು ಎರಡು ಪುಟದ ಟಿಪ್ಪಣಿ ಕೊಡಿ ಅಂದಿದ್ದಾರೆ. ಓದಲು ಕೂತರೆ ಎಲ್ಲ ಕಡೆ ಬರೀ ಶೇಕಡಾವಾರು. ಇಷ್ಟು ಲೇಖನ ಮುಕ್ತವಾಗಿವೆ, ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ, ಅಷ್ಟೇ. ಚಂದಾ ಜರ್ನಲ್ ಒಂದು ಓಪನ್ ಆಕ್ಸೆಸ್ ಆಗಿ ಬದಲಾದದ್ದು ಒಳ್ಳೆಯದಾಯಿತೋ ಇಲ್ಲವೋ ಅಂತ ಹೇಳಲು ಅಷ್ಟು ಸಾಕಾ? ಯುರೋಪಿನಲ್ಲಿ ಇದನ್ನು ಹತ್ತಿರದಿಂದ ಕಂಡವರು, ಜರ್ನಲ್ ನಡೆಸಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ಪೇಡಾ_ಪೋಸ್ಟ್‌ಡಾಕ್

ಸರ್ ಅನ್ನಬೇಕೋ ಮೇಡಂ ಅನ್ನಬೇಕೋ ಗೊತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಧಾರವಾಡದವನು, ಈಗ ಜರ್ಮನಿಯಲ್ಲಿದ್ದೇನೆ.

ನಿಮ್ಮ ಪ್ರೊಫೆಸರ್ ಅವರ "ಎಲ್ಲಾ ಜರ್ನಲ್ಲೂ" ಅನ್ನೋ ಮಾತನ್ನೇ ಮೊದಲು ಹಿಡಿಯಿರಿ. 2018ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಸಂಶೋಧನಾ ಅನುದಾನ ಸಂಸ್ಥೆಗಳು ಸೇರಿ ಪ್ಲಾನ್ ಎಸ್ ಅಂತ ಶುರು ಮಾಡಿದವು. ನಮ್ಮ ದುಡ್ಡಿನಲ್ಲಿ ಮಾಡಿದ ಸಂಶೋಧನೆ ಪ್ರಕಟವಾದ ದಿನವೇ ಎಲ್ಲರಿಗೂ ಸಿಗಬೇಕು ಅನ್ನೋದು ಅದರ ಪಟ್ಟು. ಚಂದಾ ಜರ್ನಲ್‌ಗಳಿಗೆ ಬದಲಾಗಲು ಕಾಲಾವಕಾಶ ಬೇಕಲ್ವಾ, ಅದಕ್ಕೆ ಟ್ರಾನ್ಸ್‌ಫಾರ್ಮೇಟಿವ್ ಜರ್ನಲ್ ಅನ್ನೋ ವ್ಯವಸ್ಥೆ ಮಾಡಿದರು. ಸೇರಿದ ಜರ್ನಲ್ ಪ್ರತಿ ವರ್ಷ ತನ್ನ ಮುಕ್ತ ಲೇಖನಗಳ ಪಾಲನ್ನು ನೂರು ಲೇಖನಕ್ಕೆ ಐದರಷ್ಟಾದರೂ ಏರಿಸಬೇಕಿತ್ತು, ಜೊತೆಗೆ ಆ ಏರಿಕೆ ಹೋದ ವರ್ಷದ ಪಾಲಿನ ಶೇ. 15ರಷ್ಟಾದರೂ ಇರಬೇಕಿತ್ತು. ಶೇ. 75 ಮುಟ್ಟಿದರೆ ಪೂರ್ತಿ ಓಪನ್ ಆಗಬೇಕಿತ್ತು. ಆಗದಿದ್ದರೆ ಪಟ್ಟಿಯಿಂದ ಹೊರಗೆ.

2022ರ ಫಲಿತಾಂಶ 2023ರ ಜೂನ್‌ನಲ್ಲಿ ಬಂತು. 2,326 ಜರ್ನಲ್ ಪಟ್ಟಿಯಲ್ಲಿದ್ದವು. ಪೂರ್ತಿ ಬದಲಾದದ್ದು 26. ಶೇ. 68ರಷ್ಟು ಗುರಿಯನ್ನೇ ಮುಟ್ಟಲಿಲ್ಲ, ಅವುಗಳನ್ನು ಕೈಬಿಟ್ಟರು. ಗುರಿ ಇಟ್ಟವರೇ ಹಾಕಿದ ಲೆಕ್ಕ ಇದು, ವಿರೋಧಿಗಳದ್ದಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಡಿಜಿಟಲ್ ಸೇವೆ ಕೊಡುವ ಜಿಸ್ಕ್ ಸಂಸ್ಥೆ 2024ರಲ್ಲಿ ಇನ್ನೊಂದು ಲೆಕ್ಕ ಹಾಕಿತು. 2018ರಿಂದ 2022ರವರೆಗೆ ಜರ್ನಲ್‌ಗಳು ಬದಲಾದ ವೇಗವೇ ಮುಂದುವರಿದರೆ ಐದು ದೊಡ್ಡ ಪ್ರಕಾಶಕರ ಚಂದಾ ಜರ್ನಲ್‌ಗಳು ಪೂರ್ತಿ ಓಪನ್ ಆಗಲು ಕನಿಷ್ಠ 70 ವರ್ಷ ಬೇಕಂತೆ. ನಿಮ್ಮ ಟಿಪ್ಪಣಿಯ ಮೊದಲ ಸಾಲಿಗೆ ಇದನ್ನೇ ಹಾಕಿ. ಪ್ರೊಫೆಸರ್ ಅವರ ಮೊಮ್ಮಕ್ಕಳ ಕಾಲಕ್ಕೆ ಆಗಬಹುದು.

ಇನ್ನು ಲೇಖಕನ ಕಡೆಯಿಂದ ಇದು ಹೇಗಿರುತ್ತೆ ಅಂತ ಹೇಳುತ್ತೇನೆ. ಪೇಪರ್ ಅಕ್ಸೆಪ್ಟ್ ಆದ ಮೇಲೆ ಒಂದು ಮೇಲ್ ಬರುತ್ತದೆ. ಲಿಂಕ್ ಒತ್ತಿದರೆ ನಮ್ಮ ಸಂಸ್ಥೆಯ ಹೆಸರು ತಾನೇ ಗುರುತಾಗಿ, ಓಪನ್ ಆಕ್ಸೆಸ್ ಮುಂದೆ ನಾನು ಕೊಡಬೇಕಾದ ಮೊತ್ತ ಸೊನ್ನೆ ಅಂತ ತೋರಿಸುತ್ತದೆ. ಎರಡು ಕಡೆ ಟಿಕ್ ಮಾಡಿದರೆ ಮುಗಿಯಿತು. ದುಡ್ಡು ಯಾರು ಕೊಟ್ಟರು ಅಂತ ನಮ್ಮಲ್ಲಿ ಯಾರಿಗೂ ತಲೆಬಿಸಿ ಇಲ್ಲ. ಇದರ ಹಿಂದೆ ದೊಡ್ಡ ಪ್ರಕಾಶಕರ ಜೊತೆ ಮಾಡಿಕೊಂಡ ಡೀಲ್ ಅನ್ನೋ ರಾಷ್ಟ್ರೀಯ ಒಪ್ಪಂದ ಇದೆ. ವೈಲಿ ಜೊತೆ 2019ರಲ್ಲಿ, ಸ್ಪ್ರಿಂಗರ್ ನೇಚರ್ ಜೊತೆ 2020ರಲ್ಲಿ ಆಯಿತು. ಹೈಬ್ರಿಡ್ ಜರ್ನಲ್‌ನಲ್ಲಿ, ಅಂದರೆ ಚಂದಾನೂ ತೆಗೆದುಕೊಂಡು ದುಡ್ಡು ಕೊಟ್ಟವರ ಲೇಖನವನ್ನು ಮಾತ್ರ ಬಿಡಿಯಾಗಿ ತೆರೆಯುವ ಜರ್ನಲ್‌ನಲ್ಲಿ, ಒಂದು ಲೇಖನಕ್ಕೆ 2,750 ಯೂರೋ ಅಂತ ಮಾಡಿಕೊಂಡರು. ಎಲ್ಸೆವಿಯರ್ ಜೊತೆ ಮಾತುಕತೆ ಮುರಿದು 2018ರಿಂದ ಇಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಹೊಸ ಸಂಚಿಕೆಗಳೇ ಸಿಗುತ್ತಿರಲಿಲ್ಲ. ಒಪ್ಪಂದ ಆಗಿದ್ದು 2023ರಲ್ಲಿ. ಆ ಐದು ವರ್ಷ ಸಂಶೋಧನೆ ಏನೂ ನಿಲ್ಲಲಿಲ್ಲ. ಪ್ರಿಪ್ರಿಂಟ್, ಅಂದರೆ ಜರ್ನಲ್‌ನಲ್ಲಿ ಬರುವ ಮೊದಲೇ ಲೇಖಕರು ಆನ್‌ಲೈನ್‌ನಲ್ಲಿ ಹಾಕುವ ಪ್ರತಿ, ಓದಿದರು, ಲೇಖಕರಿಗೆ ಮೇಲ್ ಹಾಕಿದರು, ಬೇರೆ ಲೈಬ್ರರಿಯಿಂದ ತರಿಸಿದರು. ಲೈಬ್ರರಿಯವರು ಎಷ್ಟು ಹೆದರಬೇಕು ಅನ್ನೋದಕ್ಕೆ ಇದೂ ಒಂದು ಲೆಕ್ಕವೇ.

ಕರಾವಳಿ_ಲೆಕ್ಕಿಗ

ಮಾರಾಯ್ರೇ, ಆ ಸೊನ್ನೆ ನಿಮಗೆ ಮಾತ್ರ ಕಾಣೋದು. ನಾನು ಕರಾವಳಿಯ ಕಾಲೇಜಿನಲ್ಲಿ ಕೂತು ಅದೇ ಲಿಂಕ್ ಒತ್ತಿದರೆ ಲಕ್ಷಗಳಲ್ಲಿ ಬಿಲ್ಲು ಕಾಣುತ್ತದೆ.

ಯಕ್ಷಗಾನದಲ್ಲಿ ಟೆಂಟ್ ಮೇಳ ಅಂದರೆ ನೋಡುವವನು ಟಿಕೆಟ್ ತೆಗೆಯಬೇಕು. ಹರಕೆ ಬಯಲಾಟ ಅಂದರೆ ಯಾರೋ ಒಬ್ಬರು ಹರಕೆಯವರು ದುಡ್ಡು ಕೊಟ್ಟು ಊರಿಗೆಲ್ಲ ಪುಕ್ಕಟೆ ಆಟ. ಓಪನ್ ಆಕ್ಸೆಸ್ ಅಂದಾಗ ನಾವೆಲ್ಲ ಅಂದುಕೊಂಡದ್ದು ಹರಕೆ ಆಟ. ದೊಡ್ಡ ಕಂಪನಿಗಳು ತಂದದ್ದು ಮೂರನೆಯದು, ವೇಷ ಕಟ್ಟಿದವನೇ ದುಡ್ಡು ಕೊಟ್ಟು ಕುಣಿಯೋದು.

ನ್ಯೂರೋಇಮೇಜ್ ಕಥೆ ನೋಡಿ, ನಿಮ್ಮ ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮೆದುಳಿನ ಚಿತ್ರಣದ ಕ್ಷೇತ್ರದಲ್ಲಿ ಹೆಸರಾದ ಜರ್ನಲ್, ಎಲ್ಸೆವಿಯರ್‌ನದ್ದು. 2020ರಲ್ಲಿ ಚಂದಾ ಬಿಟ್ಟು ಪೂರ್ತಿ ಓಪನ್ ಆಯಿತು. ಶೇಕಡಾವಾರು ಲೆಕ್ಕದಲ್ಲಿ ನೂರಕ್ಕೆ ನೂರು, ಫಸ್ಟ್ ಕ್ಲಾಸ್. ಆದರೆ ಲೇಖಕರ ಶುಲ್ಕ, ಎಪಿಸಿ ಅಂತಾರಲ್ಲ, ಅದು ಏರಿ 3,450 ಡಾಲರ್‌ಗೆ ಬಂತು. ಸಂಪಾದಕರು ಇದನ್ನು 2,000ಕ್ಕಿಂತ ಕೆಳಗೆ ಇಳಿಸಿ ಅಂತ ಕೇಳಿದರು. ಕಂಪನಿ ಒಪ್ಪಲಿಲ್ಲ. 2023ರ ಏಪ್ರಿಲ್‌ನಲ್ಲಿ ನಲವತ್ತಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟು ಎಂಐಟಿ ಪ್ರೆಸ್ ಜೊತೆ ಇಮೇಜಿಂಗ್ ನ್ಯೂರೋಸೈನ್ಸ್ ಅಂತ ಹೊಸ ಜರ್ನಲ್ ಶುರು ಮಾಡಿದರು. ಅಲ್ಲಿ ಶುಲ್ಕ 1,600 ಡಾಲರ್ ಇಟ್ಟರು. ಅಂದರೆ ಅದೇ ಸಂಪಾದಕರು, ಅದೇ ಕ್ಷೇತ್ರ, ಪರಿಣತರಿಂದ ಅದೇ ಪರಿಶೀಲನೆ (ಪೀರ್ ರಿವ್ಯೂ), ಅರ್ಧಕ್ಕೂ ಕಡಿಮೆ ದುಡ್ಡು. ಆ ವ್ಯತ್ಯಾಸ ಯಾತಕ್ಕೆ ಹೋಗುತ್ತಿತ್ತು ಅಂತ ನೀವೇ ಕೇಳಿಕೊಳ್ಳಿ.

3,450 ಡಾಲರ್ ಅಂದರೆ ನಮ್ಮಲ್ಲಿ ಮೂರು ಲಕ್ಷದ ಹತ್ತಿರ. ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಒಂದು ಪೇಪರ್‌ಗೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಎಂಟು ತಿಂಗಳ ಸ್ಟೈಪೆಂಡ್. ಬಡ ದೇಶಗಳಿಗೆ ರಿಯಾಯಿತಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ದೊಡ್ಡ ಪ್ರಕಾಶಕರ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಭಾರತ ಇರೋದಿಲ್ಲ. ದೇಶದ ಒಟ್ಟು ಆರ್ಥಿಕತೆ ದೊಡ್ಡದು ಅನ್ನೋದು ಕಾರಣ. ದೇಶ ದೊಡ್ಡದಾದರೆ ನಮ್ಮ ಡಿಪಾರ್ಟ್‌ಮೆಂಟಿನ ಗಂಟೂ ದೊಡ್ಡದಾಗುತ್ತದಾ?

ಇನ್ನೊಂದು ವಿಷಯ ಯಾವ ವರದಿಯಲ್ಲೂ ಎದ್ದು ಕಾಣೋದಿಲ್ಲ. ಈ ಒಪ್ಪಂದಗಳು ನೋಡೋದು ಕರೆಸ್ಪಾಂಡಿಂಗ್ ಆಥರ್, ಅಂದರೆ ಜರ್ನಲ್ ಜೊತೆ ವ್ಯವಹರಿಸುವ ಲೇಖಕ, ಯಾವ ಸಂಸ್ಥೆಯವರು ಅಂತ. ಹಾಗಾಗಿ ಭಾರತದವರು, ಜರ್ಮನಿಯವರು ಸೇರಿ ಕೆಲಸ ಮಾಡಿದಾಗ "ಕರೆಸ್ಪಾಂಡಿಂಗ್ ನೀವೇ ಆಗಿಬಿಡಿ, ದುಡ್ಡು ಉಳಿಯುತ್ತೆ" ಅಂತ ಮಾತಾಗುತ್ತದೆ. ಮುಖ್ಯ ಕೆಲಸ ಇಲ್ಲಿನವರದ್ದು, ಕರೆಸ್ಪಾಂಡಿಂಗ್ ಅಂತ ಗುರುತಿಸಲು ಹೆಸರಿನ ಪಕ್ಕ ಹಾಕುವ ನಕ್ಷತ್ರ ಅಲ್ಲಿನವರದ್ದು. ಬಡ್ತಿ ಸಂದರ್ಶನದಲ್ಲಿ ಆ ನಕ್ಷತ್ರಕ್ಕೆ ಇಲ್ಲಿ ಅಂಕ ಇದೆ ಅಂತ ಅಲ್ಲಿನವರಿಗೆ ಗೊತ್ತೂ ಇರೋದಿಲ್ಲ.

ಇಷ್ಟು ಲೇಖನಕ್ಕೆ ಇಷ್ಟು ದುಡ್ಡು ಅಂತಾದ ಮೇಲೆ ಜಾಸ್ತಿ ಲೇಖನ ತೂರಿಸಿದಷ್ಟೂ ಲಾಭ. ಹಿಂದವಿ ಅನ್ನೋ ಓಪನ್ ಆಕ್ಸೆಸ್ ಕಂಪನಿಯನ್ನು ವೈಲಿ 2021ರಲ್ಲಿ ಸುಮಾರು 30 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023 ಒಂದೇ ವರ್ಷ ಅದರ 8,000ಕ್ಕೂ ಹೆಚ್ಚು ಲೇಖನಗಳನ್ನು ನಂಬಲಾಗದವು ಅಂತ ವಾಪಸ್ ಪಡೆಯಬೇಕಾಯಿತು. ಅವೂ ಓಪನ್ನೇ. ಶೇಕಡಾವಾರಿನಲ್ಲಿ ಅವೂ ಸೇರಿದ್ದವು.

ಸಂಶಯಿ

ಎಲ್ಲಾ ಸರಿ, ಆದರೆ ಇಲ್ಲಿ ಬರೆಯೋರೆಲ್ಲ ಪೇಪರ್ ಬರೆಯೋ ಜನ. ಓದೋರ ಕಡೆಯಿಂದ ಯಾರೂ ಮಾತಾಡುತ್ತಿಲ್ಲ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ಒನ್ ನೇಷನ್ ಯೋಜನೆ ಈಗ ಇರೋದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ. ನನ್ನಂಥವನಿಗೆ, ಖಾಸಗಿ ಕಾಲೇಜಿನ ಹುಡುಗಿಗೆ, ನಿವೃತ್ತರಾದ ಮೇಷ್ಟ್ರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ರಾತ್ರಿ ಡ್ಯೂಟಿಯಲ್ಲಿ ಒಂದು ಔಷಧದ ಡೋಸ್ ಬಗ್ಗೆ ಅನುಮಾನ ಬಂದು ಹುಡುಕಿದರೆ, ತೆರೆಯುವ ಪೇಪರ್ ಯಾವುದೋ ಅದೇ ನನಗೆ ಇರುವ ಪೇಪರ್. ಅದಕ್ಕೆ ಬರ್ಲಿನ್ನಿನ ಯಾವುದೋ ವಿಶ್ವವಿದ್ಯಾಲಯ 2,750 ಯೂರೋ ಕೊಟ್ಟಿದೆ ಅಂದರೆ ನಾನ್ಯಾಕೆ ಬೇಡ ಅನ್ನಲಿ? ಕೋವಿಡ್ ಸಮಯದಲ್ಲಿ ಪ್ರಕಾಶಕರು ಆ ವಿಷಯದ ಲೇಖನಗಳನ್ನು ಬಿಟ್ಟುಕೊಟ್ಟರು, ಅವರೇನೂ ಮುಳುಗಿಹೋಗಲಿಲ್ಲ.

ಯಾರು ದುಡ್ಡು ಕೊಟ್ಟರು ಅನ್ನೋದು ಮುಖ್ಯ, ಒಪ್ಪಿದೆ. ಆದರೆ ಲೈಬ್ರರಿ ಅವರು ಟಿಪ್ಪಣಿಯಲ್ಲಿ "ಯಾರಿಗೆ ಓದಲು ಸಿಕ್ಕಿತು" ಅನ್ನೋದನ್ನು ಬಿಟ್ಟು ಬರೆದರೆ ಅದು ಲೇಖಕರ ಸಂಘದ ಮನವಿ ಆಗುತ್ತದೆ.

ಕರಾವಳಿ_ಲೆಕ್ಕಿಗ

ಡಾಕ್ಟ್ರೇ, ಓದಲು ಸಿಗಬೇಕು ಅನ್ನೋದರಲ್ಲಿ ನನ್ನದು ತಕರಾರೇ ಇಲ್ಲ. ಆದರೆ ಓದಲು ಮಾತ್ರ ಬಾಗಿಲು ತೆರೆದು ಬರೆಯೋ ಬಾಗಿಲು ಹಾಕಿದರೆ, ನಿಮ್ಮ ತಾಲ್ಲೂಕಿನ ರೋಗಿಗಳ ಬಗ್ಗೆ ನೀವು ಬರೆದದ್ದು ಎಲ್ಲಿ ಅಚ್ಚಾಗುತ್ತದೆ? ನಿಮಗೆ ಓದಲು ಸಿಗೋದು ಬರೀ ಬರ್ಲಿನ್ ರೋಗಿಗಳ ಕಥೆ.

ಹಳೇ_ಸಂಪಾದಕ

ಒಂದು ಸಣ್ಣ ವಿದ್ವತ್ ಸಂಘದ ಜರ್ನಲ್ಲಿನ ಸಂಪಾದಕ ಮಂಡಳಿಯಲ್ಲಿ ಬಹಳ ವರ್ಷ ಇದ್ದೆ. ಈಗ ನಿವೃತ್ತ. ಎರಡು ಕಡೆಯ ಜಗಳವೂ ನ್ಯಾಯವಾದದ್ದೇ, ಆದರೆ ಇಬ್ಬರೂ ಎಪಿಸಿ ಒಂದೇ ದಾರಿ ಅನ್ನೋ ಹಾಗೆ ಮಾತಾಡುತ್ತಿದ್ದೀರಿ.

ಆನ್ಯುಯಲ್ ರಿವ್ಯೂಸ್ ಅನ್ನೋ ಪ್ರಕಾಶನ ಸಂಸ್ಥೆ ಬೇರೆ ಒಂದು ದಾರಿ ತೋರಿಸಿದೆ, ಸಬ್‌ಸ್ಕ್ರೈಬ್ ಟು ಓಪನ್ ಅಂತ. ಲೈಬ್ರರಿಗಳು ಎಂದಿನಂತೆ ಚಂದಾ ಕಟ್ಟುತ್ತವೆ. ಸಾಕಷ್ಟು ಲೈಬ್ರರಿಗಳು ಕಟ್ಟಿದರೆ ಆ ವರ್ಷದ ಸಂಪುಟ ಇಡೀ ಜಗತ್ತಿಗೆ ತೆರೆಯುತ್ತದೆ, ಲೇಖಕರಿಗೆ ಒಂದು ಪೈಸೆ ಖರ್ಚಿಲ್ಲ. ಕಟ್ಟದಿದ್ದರೆ ಆ ವರ್ಷ ಬಾಗಿಲು ಮುಚ್ಚಿರುತ್ತದೆ. 2020ರಲ್ಲಿ ಕೆಲವೇ ಜರ್ನಲ್‌ಗಳಲ್ಲಿ ಪರೀಕ್ಷೆ ಮಾಡಿ, 2023ರ ಹೊತ್ತಿಗೆ ತಮ್ಮ 51 ಜರ್ನಲ್‌ಗಳನ್ನೂ ಇದಕ್ಕೆ ತಂದರು. ಯುರೋಪಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪ್ರಕಾಶನವೂ 2021ರಿಂದ ಇದೇ ದಾರಿ ಹಿಡಿದಿದೆ. ಇದರ ದುರ್ಬಲ ಜಾಗ ಎಲ್ಲಿ ಅಂತ ಲೈಬ್ರರಿಯವರಿಗೆ ಬೇಗ ಹೊಳೆಯುತ್ತದೆ. "ಹೇಗೂ ತೆರೆಯುತ್ತದಲ್ಲ, ನಾವ್ಯಾಕೆ ಕಟ್ಟಬೇಕು" ಅಂತ ಆಡಿಟ್‌ನವರು ಕೇಳೇ ಕೇಳುತ್ತಾರೆ. ಹಾಗೆ ಕೇಳಿ ಕೇಳಿ ಒಬ್ಬೊಬ್ಬರೇ ಬಿಟ್ಟರೆ ಇಡೀ ವ್ಯವಸ್ಥೆ ಬೀಳುತ್ತದೆ.

ಇನ್ನು ನಮ್ಮದೇ ಊರಿನ ಉದಾಹರಣೆ. 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಪ್ರಮಾಣ, ಸಾಧನಾ, ರೆಸೊನೆನ್ಸ್ ಮುಂತಾದ ಜರ್ನಲ್‌ಗಳನ್ನು 2007ರಿಂದ ಸ್ಪ್ರಿಂಗರ್ ಜೊತೆ ಸೇರಿ ಪ್ರಕಟಿಸುತ್ತಿದೆ. ಸ್ಪ್ರಿಂಗರ್ ಜಾಲತಾಣದಲ್ಲಿ ಹೋದರೆ ಚಂದಾ ಜರ್ನಲ್. ಅಕಾಡೆಮಿಯ ಸ್ವಂತ ಜಾಲತಾಣದಲ್ಲಿ ಅದೇ ಲೇಖನದ ಪಿಡಿಎಫ್ ಪುಕ್ಕಟೆ. ಲೇಖಕರಿಂದ ಶುಲ್ಕವಿಲ್ಲ. ಇದನ್ನು ಬದಲಾದ ಜರ್ನಲ್ ಅನ್ನುತ್ತೀರೋ, ಬದಲಾಗದ್ದು ಅನ್ನುತ್ತೀರೋ? ಯುರೋಪಿನ ಪಟ್ಟಿಯ ಖಾನೆಗಳಲ್ಲಿ ಇದು ಕೂರೋದಿಲ್ಲ, ಆದರೆ ಡಾಕ್ಟ್ರು ಹೇಳಿದ ಓದುಗನಿಗೂ ಲೆಕ್ಕಿಗರು ಹೇಳಿದ ಲೇಖಕನಿಗೂ ಇದರಿಂದ ಕೆಲಸ ಆಗುತ್ತದೆ. ಮುಂಬಯಿಯ ಮೆಡ್‌ನೋ ಪ್ರಕಾಶನ ಕೂಡ ವೈದ್ಯಕೀಯ ಸಂಘಗಳ ಜರ್ನಲ್‌ಗಳನ್ನು ಹೀಗೇ ನಡೆಸುತ್ತಿತ್ತು. ಆನ್‌ಲೈನ್ ಪುಕ್ಕಟೆ, ಮುದ್ರಿತ ಪ್ರತಿಗೆ ಚಂದಾ. 2011ರಲ್ಲಿ ಅದನ್ನು ವೋಲ್ಟರ್ಸ್ ಕ್ಲುವರ್ ಅನ್ನೋ ದೊಡ್ಡ ಪ್ರಕಾಶನ ಕಂಪನಿ ಕೊಂಡುಕೊಂಡಿತು.

ಮತ್ತೊಂದು ವಿಚಾರ. ಬದಲಾದ ಜರ್ನಲ್ ಬದಲಾಗಿಯೇ ಉಳಿಯುತ್ತದೆ ಅಂತ ನಂಬಬೇಡಿ. 2019ರ ಒಂದು ಅಧ್ಯಯನ ಓಪನ್ ಆಗಿದ್ದು ಮತ್ತೆ ಚಂದಾಗೆ ಮರಳಿದ 152 ಜರ್ನಲ್‌ಗಳನ್ನು ಪತ್ತೆ ಹಚ್ಚಿತ್ತು. ಸಂಘಕ್ಕೆ ಅನುದಾನ ನಿಂತಿತು, ದೊಡ್ಡ ಪ್ರಕಾಶಕ ಬಂದು "ನಾವು ನೋಡಿಕೊಳ್ಳುತ್ತೇವೆ" ಅಂದ, ಇಂಥ ಕಾರಣಗಳು. ನಮ್ಮ ಮಂಡಳಿಯ ಮುಂದೂ ಅಂಥ ಪ್ರಸ್ತಾಪ ಬಂದಿತ್ತು. ಪ್ರೂಫ್ ನೋಡುವವರಿಗೆ, ಟೈಪ್‌ಸೆಟ್ಟಿಂಗ್‌ಗೆ, ಸರ್ವರ್‌ಗೆ ದುಡ್ಡು ಹೊಂದಿಸಲು ಒದ್ದಾಡುತ್ತಿದ್ದಾಗ ಆ ಪ್ರಸ್ತಾಪ ಎಷ್ಟು ಸಿಹಿಯಾಗಿ ಕೇಳಿಸುತ್ತದೆ ಅಂತ ಅಲ್ಲಿ ಕೂತವರಿಗೇ ಗೊತ್ತು. ಆದ್ದರಿಂದ ಟಿಪ್ಪಣಿಯಲ್ಲಿ ಜರ್ನಲ್ಲಿನ ಹೆಸರು ಯಾರ ಆಸ್ತಿ ಅಂತ ಒಂದು ಖಾನೆ ಇರಲಿ. ಭಾಷಾಶಾಸ್ತ್ರದ ಲಿಂಗ್ವಾ ಸಂಪಾದಕರು 2015ರಲ್ಲಿ ಹೊರಬಂದು ಗ್ಲೋಸಾ ಕಟ್ಟಿದರು. ಹೆಸರು ಕಂಪನಿಯದ್ದೇ ಆದ್ದರಿಂದ ಲಿಂಗ್ವಾ ಅಲ್ಲೇ ಉಳಿಯಿತು, ಈಗಲೂ ಬರುತ್ತಿದೆ. ಹೆಸರು ಸಂಘದ ಕೈಯಲ್ಲಿದ್ದರೆ ಪ್ರಕಾಶಕನನ್ನು ಬದಲಿಸಬಹುದು. ಇಲ್ಲದಿದ್ದರೆ ನೀವೇ ಮನೆ ಬಿಡಬೇಕು.

ಲೈಬ್ರರಿ_ಕಟ್ಟೆ

ಮೇಡಂ ಅಂತಲೇ ಬರೆಯಿರಿ, ಪರವಾಗಿಲ್ಲ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್.

ನಾನು ಹೀಗೆ ಮಾಡೋಣ ಅಂತಿದ್ದೇನೆ. 13,000 ಜರ್ನಲ್ ಗೊಡವೆ ಬೇಡ. ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು ಹೆಚ್ಚು ಬಳಸುವ ಐವತ್ತು ಜರ್ನಲ್ ತೆಗೆದುಕೊಂಡು, ಪ್ರತಿಯೊಂದರ ಕಳೆದ ಐದು ವರ್ಷದ ಲೇಖನಗಳಲ್ಲಿ ಎಷ್ಟು ತೆರೆದಿವೆ, ಲೇಖಕರ ಶುಲ್ಕ ಎಷ್ಟು, ಹೆಸರು ಯಾರದ್ದು, ನಮ್ಮವರು ಅದರಲ್ಲಿ ಬರೆದಿದ್ದಾರಾ ಅಂತ ಒಂದು ಕೋಷ್ಟಕ. ತೆರೆದ ಲೇಖನ ಎಣಿಸಲು, ಯಾವ ಲೇಖನ ಪುಕ್ಕಟೆ ಸಿಗುತ್ತದೆ ಅಂತ ತೋರಿಸುವ ಅನ್‌ಪೇವಾಲ್ ಸಾಕಾ?

ಪೇಡಾ_ಪೋಸ್ಟ್‌ಡಾಕ್

ಸಾಕು ಮೇಡಂ, ಆದರೆ ಅದು ಕೊಡುವ "ಓಪನ್" ಅನ್ನೋ ಒಂದೇ ಅಂಕಿ ತೆಗೆದುಕೊಳ್ಳಬೇಡಿ. ಬಣ್ಣ ನೋಡಿ ಬೇರೆ ಮಾಡಿ. ಗೋಲ್ಡ್ ಅಂದರೆ ಜರ್ನಲ್ಲೇ ಪೂರ್ತಿ ಓಪನ್. ಹೈಬ್ರಿಡ್ ಮೊದಲೇ ಹೇಳಿದೆ. ಗ್ರೀನ್ ಅಂದರೆ ಲೇಖಕರು ತಮ್ಮ ಪ್ರತಿಯನ್ನು ರೆಪಾಸಿಟರಿಯಲ್ಲಿ, ಅಂದರೆ ಎಲ್ಲರಿಗೂ ತೆರೆದ ಆನ್‌ಲೈನ್ ಸಂಗ್ರಹದಲ್ಲಿ, ಇಟ್ಟದ್ದು. ಬ್ರಾಂಜ್ ಅಂದರೆ ಓದಲು ಸಿಗುತ್ತದೆ, ಆದರೆ ಮುಕ್ತ ಲೈಸೆನ್ಸ್ ಇಲ್ಲ. ಪ್ರಕಾಶಕ ನಾಳೆ ಬೆಳಿಗ್ಗೆ ಮುಚ್ಚಿದರೂ ಕೇಳುವ ಹಾಗಿಲ್ಲ. ಬ್ರಾಂಜ್ ಸೇರಿಸಿ ಲೆಕ್ಕ ಹೇಳಿದರೆ ಯಾವ ಜರ್ನಲ್ಲಾದರೂ ಚೆನ್ನಾಗಿ ಕಾಣುತ್ತದೆ. ಯಾವ ತಿಂಗಳಲ್ಲಿ ಎಣಿಸಿದಿರಿ ಅಂತಲೂ ಬರೆದಿಡಿ. ಹನ್ನೆರಡು ತಿಂಗಳು ಕಳೆದ ಮೇಲೆ ರೆಪಾಸಿಟರಿಗೆ ಬರುವ ಪ್ರತಿಗಳು ತುಂಬಾ ಇರುತ್ತವೆ, ಹಾಗಾಗಿ ಹೊಸ ವರ್ಷದ ಅಂಕಿ ಯಾವಾಗಲೂ ಕಡಿಮೆಯೇ ತೋರುತ್ತದೆ. ಶುಲ್ಕವಿಲ್ಲದ ಓಪನ್ ಜರ್ನಲ್ ಹುಡುಕಲು, ಓಪನ್ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿ ಸೋಸುವ ಆಯ್ಕೆ ಇದೆ.

ಹಳೇ_ಸಂಪಾದಕ

ಗ್ರೀನ್ ಅಂದಿದ್ದಕ್ಕೆ ಒಂದು ಮಾತು. ಐಐಎಸ್‌ಸಿ 2002ರಷ್ಟು ಹಿಂದೆಯೇ ಇ-ಪ್ರಿಂಟ್ಸ್ ಸಂಗ್ರಹ ಶುರು ಮಾಡಿತ್ತು. 2014ರ ಡಿಸೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ (ಡಿಎಸ್‌ಟಿ) ಇಲಾಖೆಗಳು ತಮ್ಮ ಅನುದಾನದ ಪೇಪರ್‌ಗಳನ್ನು ರೆಪಾಸಿಟರಿಯಲ್ಲಿ ಇಡಲೇಬೇಕು ಅಂತ ನೀತಿ ತಂದವು. 2019ರ ಫೆಬ್ರವರಿಯಲ್ಲಿ ಪ್ಲಾನ್ ಎಸ್ ಸೇರುತ್ತೇವೆ ಅಂದ ಭಾರತ ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಸೇರೋದಿಲ್ಲ ಅಂದಿತು. ಹೋಗಲಿ, ಅದು ಸರಿಯಾದದ್ದೇ ಅಂತ ನನಗನ್ನಿಸುತ್ತದೆ. ಆದರೆ ರೆಪಾಸಿಟರಿ ನೀತಿ ಕೈಯಲ್ಲೇ ಇತ್ತಲ್ಲ. ನಿಮ್ಮ ಕೋಷ್ಟಕದಲ್ಲಿ ನಿಮ್ಮ ವಿಶ್ವವಿದ್ಯಾಲಯದವರು ಎಷ್ಟು ಪ್ರತಿ ಇಟ್ಟಿದ್ದಾರೆ ಅಂತಲೂ ಎಣಿಸಿ. ಸಮಿತಿಯವರು ತಮ್ಮ ಹೆಸರು ಹುಡುಕಿಕೊಳ್ಳುತ್ತಾರೆ, ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

ಲೈಬ್ರರಿ_ಕಟ್ಟೆ

ಆ ಪ್ರೊಫೆಸರ್ ಹೆಸರನ್ನೇ ಈಗ ನಮ್ಮ ರೆಪಾಸಿಟರಿಯಲ್ಲಿ ಹಾಕಿ ನೋಡಿದೆ. ಒಂದೂ ಇಲ್ಲ 😀

ಟಿಪ್ಪಣಿಗೆ ಒಂದು ಪ್ರಶ್ನೆ ಸೇರಿಸುತ್ತಿದ್ದೇನೆ. ಹೈಬ್ರಿಡ್ ಜರ್ನಲ್ ಒಂದರಲ್ಲಿ ಅರ್ಧ ಲೇಖನಕ್ಕೆ ಯುರೋಪಿನವರು ದುಡ್ಡು ಕೊಟ್ಟು ತೆರೆಸಿದ್ದರೆ, ನಾವು ಕಟ್ಟುವ ಚಂದಾ ಅಷ್ಟರ ಮಟ್ಟಿಗೆ ಇಳಿಯಬೇಕಲ್ವಾ? 2027ರ ನಂತರದ ಒಪ್ಪಂದಕ್ಕೆ ಮಾತುಕತೆಗೆ ಕೂರುವ ಮೊದಲು, ಒನ್ ನೇಷನ್ ಯೋಜನೆ ನಡೆಸುವ ಇನ್‌ಫ್ಲಿಬ್‌ನೆಟ್ ಈ ಲೆಕ್ಕವನ್ನು ಪ್ರಕಾಶಕರಿಂದ ಜರ್ನಲ್‌ವಾರು ಕೇಳಿ ಪಡೆಯಲಿ ಅಂತ ನಮ್ಮ ವಿಶ್ವವಿದ್ಯಾಲಯದಿಂದ ಪತ್ರ ಬರೆಯಲು ಸೂಚಿಸುತ್ತೇನೆ. ಐವತ್ತು ಜರ್ನಲ್ಲಿನ ಕೋಷ್ಟಕ ಅದರ ಜೊತೆಗೆ ಲಗತ್ತಿಸುತ್ತೇನೆ. ಬೇರೆ ವಿಶ್ವವಿದ್ಯಾಲಯದ ಲೈಬ್ರರಿಯವರು ಯಾರಾದರೂ ಓದುತ್ತಿದ್ದರೆ ತಮ್ಮ ಐವತ್ತನ್ನು ಸೇರಿಸಿ. ಖಾನೆಗಳ ಮಾದರಿಯನ್ನು ನಾಳೆ ಸಂಜೆ ಇಲ್ಲೇ ಹಾಕುತ್ತೇನೆ.